ಒಂದು ಗೇಣು ದೂರ

ಸಾವಂತ್ರೆವ್ವನನ್ನು ಒಂದು ದಿನ ಶಿಕ್ಷೆಯಲ್ಲಿಟ್ಟುಕೊಳ್ಳಲು ಸರ್ಕಾರಕ್ಕೆ ತಗಲುವ ಖರ್ಚು ಮೈನಸ್ ನೂರಾ ಅರವತ್ತು ರೂಪಾಯಿ ಎಂದು ಗೋಡೆಯ ಪರದೆ ತೋರಿಸತೊಡಗಿ ಮೂವತ್ತೈದು ದಿನ ಕಳೆದಿದ್ದವು. ಮೊದಲ ವಾರ ಹಾಲಗಟ್ಟಿಯ ನಿಗಾ ಕೇಂದ್ರದಲ್ಲಿ ಎಲ್ಲರೂ ಅದನ್ನು ಯಂತ್ರದ ತಪ್ಪೆಂದುಕೊಂಡರು. ಎರಡನೆಯ ವಾರ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರು. ಮೂರನೆಯ ವಾರ ರಾಜಧಾನಿಯಿಂದ ಬಂದ ತಂತ್ರಜ್ಞನೊಬ್ಬ ಎರಡು ದಿನ ಅದರ ಮುಂದೆ ಕೂತು, ನಾಲ್ಕು ಸಲ ಗಿರಮಿಟ್ಟು ತರಿಸಿಕೊಂಡು ತಿಂದು, ಯಂತ್ರ ಸರಿಯಾಗಿಯೇ ಇದೆ ಎಂದು ಬರೆದುಕೊಟ್ಟು ಹೋದ.

ದಿನವೆಚ್ಚದ ಕಾಯ್ದೆ ಬಂದು ಆಗ ಆರು ವರ್ಷವಾಗಿತ್ತು. ಶಿಕ್ಷೆಯಲ್ಲಿರುವ ಪ್ರತಿಯೊಬ್ಬರ ಹೆಸರಿನ ಮುಂದೆ ಆ ದಿನ ಅವರ ಮೇಲೆ ಆದ ಖರ್ಚನ್ನು ಎಲ್ಲರಿಗೂ ಕಾಣುವಂತೆ ತೋರಿಸಬೇಕು ಎಂಬುದು ಅದರ ಸಾರ. ಜೈಲಿನ ಗೋಡೆಯೊಳಗೆ ಇಟ್ಟರೆ ತಲೆಗೆ ದಿನಕ್ಕೆ ಸಾವಿರದ ಒಂಬೈನೂರ ನಲವತ್ತು ರೂಪಾಯಿ. ಕಾಲಿಗೆ ಕಡಗ ಹಾಕಿ ಮನೆಗೆ ಕಳಿಸಿದರೆ ಮುನ್ನೂರ ಹತ್ತು. ಈ ಮುನ್ನೂರ ಹತ್ತು ಕಡಗದ ಲೋಹದ ಬೆಲೆಯಲ್ಲ, ಅದು ಎಚ್ಚರವಾಗಿರುವುದರ ಬೆಲೆ. ಕ್ಷಣಕ್ಷಣವೂ ಅದು ತಾನೆಲ್ಲಿದ್ದೇನೆ ಎಂದು ಉಪಗ್ರಹವನ್ನು ಕೇಳಬೇಕು, ತೊಟ್ಟವರ ನಾಡಿ ನೋಡಬೇಕು, ಕೇಂದ್ರಕ್ಕೆ ವರದಿ ಒಪ್ಪಿಸಬೇಕು, ಅದನ್ನು ಒಬ್ಬರು ಓದಬೇಕು. ಆದರೆ ನಾವು ನೋಡಿಕೊಳ್ಳುತ್ತೇವೆ ಎಂದು ಹೆಸರು ಕೊಟ್ಟ ನೆರೆಯವರು ಯಾರಾದರೂ, ಕೇಂದ್ರ ಕೊಟ್ಟ ಗುಂಡಿಯೊಂದನ್ನು ಬಟ್ಟೆಗೆ ಸಿಕ್ಕಿಸಿಕೊಂಡು ಹತ್ತಿರ ಇದ್ದರೆ, ಕಡಗ ನಿದ್ದೆ ಹೋಗುತ್ತಿತ್ತು. ಅಷ್ಟು ಹೊತ್ತಿನ ಖರ್ಚು ಸೊನ್ನೆ. ಮನುಷ್ಯರು ಎಚ್ಚರವಿರುವಾಗ ಯಂತ್ರ ಯಾಕೆ ಕಣ್ಣು ಬಿಟ್ಟುಕೊಂಡು ಕೂರಬೇಕು ಎಂಬುದು ಅದನ್ನು ಮಾಡಿದವರ ತರ್ಕ.

ಕಾಯ್ದೆಯ ಕೊನೆಯ ಪುಟದಲ್ಲಿ ಇನ್ನೊಂದು ಸಾಲಿತ್ತು. ಯಾರನ್ನು ಹಿಡಿದಿಡಲು ಸರ್ಕಾರ ಸತತ ನಲವತ್ತು ದಿನ ಒಂದು ಪೈಸೆಯನ್ನೂ ಖರ್ಚು ಮಾಡಬೇಕಾಗಿ ಬರಲಿಲ್ಲವೋ ಅವರನ್ನು ಸರ್ಕಾರ ಹಿಡಿದಿಡತಕ್ಕದ್ದಲ್ಲ. ಅದನ್ನು ಬರೆದವರು ಶೋಭೆಗೆಂದು ಬರೆದಿರಬೇಕು. ಆರು ವರ್ಷದಲ್ಲಿ ರಾಜ್ಯದ ಯಾವ ಮೂಲೆಯಲ್ಲೂ ಒಬ್ಬರ ಅಂಕಿಯೂ ಸತತ ಒಂಬತ್ತು ದಿನ ಸೊನ್ನೆಯಲ್ಲಿ ನಿಂತಿರಲಿಲ್ಲ. ಸೊನ್ನೆಗಿಂತ ಕೆಳಗೆ ಇಳಿದದ್ದಂತೂ ಇಲ್ಲವೇ ಇಲ್ಲ.

ಶಾಲ್ಮಲಾ ಅಂಗಡಿ ಆ ಕೇಂದ್ರದಲ್ಲಿ ಅಂಕಿ ನೋಡುವವಳು. ವಯಸ್ಸು ಇಪ್ಪತ್ತಾರು. ಸಂಖ್ಯಾಶಾಸ್ತ್ರದ ಪದವಿ ಮುಗಿಸಿ ಈ ಕೆಲಸಕ್ಕೆ ಅರ್ಜಿ ಹಾಕಿದ್ದೇ ಇಲ್ಲಿ ಜನರ ಜೊತೆ ಹೆಚ್ಚು ಮಾತಾಡಬೇಕಾಗಿಲ್ಲ ಎಂದು ಯಾರೋ ಹೇಳಿದ್ದಕ್ಕೆ. ಫೋನು ಹೊಡೆದುಕೊಂಡರೆ ಅವಳ ಅಂಗೈ ಬೆವರುತ್ತಿತ್ತು. ಪರದೆಯ ಮೇಲಿನ ಚುಕ್ಕಿಗಳು ಮಾತ್ರ ಅವಳಿಗೆ ನೆಂಟರ ಹಾಗೆ ಪರಿಚಿತ. ಯಾವ ಚುಕ್ಕಿ ಸಂಜೆ ಐದಕ್ಕೆ ತಪ್ಪದೆ ಚಹಾದಂಗಡಿಗೆ ಹೋಗುತ್ತದೆ, ಯಾವುದು ಸಿಟ್ಟು ಬಂದಾಗ ಅಂಗಳದಲ್ಲೇ ಸುತ್ತು ಹಾಕುತ್ತದೆ, ಎಲ್ಲ ಗೊತ್ತು. ಆ ಚುಕ್ಕಿಗಳಿಗೆ ಮುಖವಿದೆ ಎಂಬುದರ ಬಗ್ಗೆ ಅವಳು ಹೆಚ್ಚು ಯೋಚಿಸಿದವಳಲ್ಲ.

ಮೂವತ್ತಾರನೆಯ ದಿನ ಬೆಳಿಗ್ಗೆ ಕೇಂದ್ರದ ಮುಖ್ಯಸ್ಥರಾದ ಹಂಚಿನಮನಿಯವರು ಅವಳ ಮೇಜಿನ ಮುಂದೆ ಬಂದು ನಿಂತರು. ಅವರ ಕೈಯಲ್ಲಿ ಚಹಾದ ಲೋಟ, ಮುಖದಲ್ಲಿ ಯಾರಿಗೋ ಕೆಲಸ ಒಪ್ಪಿಸುವ ಕಳೆ.

“ಅಂಗಡಿಯವರ, ಇನ್ನ ನಾಕೈದು ದಿನ ಐತಿ. ನಲವತ್ತು ತುಂಬಿದ್ರ ಕಡಗ ತಾನಾಗೇ ಬಿಚ್ಚಕೋತೈತಿ. ಅದಕ್ಕಿಂತ ಮೊದಲ ಯಾರರ ಹೋಗಿ ಒಂದಿನ ಪೂರ್ತಿ ಕುಂತು ಕಣ್ಣಾರೆ ನೋಡಿ ಬರಬೇಕು. ಆ ನೂರಾ ಅರವತ್ತು ಎಲ್ಲಿಂದ ಬರಾಕತ್ತೈತಿ ಅಂತ ಬರದ ಕೊಡಬೇಕು. ಏನಾರ ಮೋಸ ಇದ್ರ ಆಕಿ ವಾಪಸ್ ಜೈಲಿಗೆ. ಇನ್ನ ಹದಿನಾಕ ತಿಂಗಳ ಶಿಕ್ಷಾ ಉಳದೈತಿ.”

“ಯಾರ್ನ ಕಳಸ್ತೀರಿ ಸರ್?”

“ನಿಮ್ಮನ್ನ.”

“ನನಗ ಮಾತಾಡಾಕ ಬರೂದಿಲ್ರಿ ಸರ್.”

“ಮಾತು ಯಾರಿಗ ಬೇಕಾಗೇತಿ? ಎಣಿಸಿ ಬರ್ರಿ ಅಷ್ಟ.”

*

ಹಳೇ ಗಿರಣಿ ಓಣಿ ಎಂದರೆ ಎರಡು ಬಂಡಿ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟು ಅಗಲ. ಮರುದಿನ ಬೆಳಿಗ್ಗೆ ಶಾಲ್ಮಲಾಳಿಗೆ ಸಾವಂತ್ರೆವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೊಸ್ತಿಲ ಹೊರಗೆ ಹನ್ನೆರಡು ಜೊತೆ ಚಪ್ಪಲಿಗಳಿದ್ದವು.

ಒಳಗೆ ಪಡಸಾಲೆಯ ನೆಲದ ತುಂಬ ಒಂದು ಕೌದಿ ಹಾಸಿತ್ತು. ಹಳೆಯ ಸೀರೆ, ಧೋತರ, ಯಾರದೋ ಮಗುವಿನ ಅಂಗಿ, ಮದುವೆಯ ರೇಷ್ಮೆಯ ಅಂಚು, ಎಲ್ಲವೂ ತುಂಡುತುಂಡಾಗಿ ಒಂದರ ಪಕ್ಕ ಒಂದು ಕೂತಿದ್ದವು. ನಾಲ್ಕೂ ಕಡೆ ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಅಂಚಿನಿಂದ ನಡುವಿನತ್ತ ಬಿಳಿ ದಾರದ ಸಾಲು ಹಾಕಿಕೊಂಡು ಬರುತ್ತಿದ್ದರು. ಹಾಲಗಟ್ಟಿಯಲ್ಲಿ ಕೌದಿಯನ್ನು ಯಾರೂ ಒಬ್ಬರೇ ಹೊಲಿಯುವುದಿಲ್ಲ. ಈ ವಾರ ಎಲ್ಲರೂ ಸೇರಿ ನಿಮ್ಮ ಮನೆಯದು, ಮುಂದಿನ ವಾರ ನಮ್ಮದು. ಅದಕ್ಕೆ ಮುಯ್ಯಿ ಎನ್ನುತ್ತಾರೆ. ಯಾರ ಮನೆಯ ಕೌದಿಯೋ ಆ ಮನೆಯಲ್ಲಿ ಕೂರುವುದು ವಾಡಿಕೆ. ಸಾವಂತ್ರೆವ್ವ ಹೊಸ್ತಿಲು ದಾಟಿ ಇಪ್ಪತ್ತು ಹೆಜ್ಜೆ ಹೋದರೆ ಕಡಗ ಕೂಗುವುದರಿಂದ, ಈ ಸಲ ಓಣಿಯ ಕೌದಿಗಳೆಲ್ಲ ಅವಳ ಪಡಸಾಲೆಗೇ ಬಂದಿದ್ದವು.

ಕೇಂದ್ರದ ಗುಂಡಿಯನ್ನು ಒಬ್ಬಳು ತಾಳಿಸರಕ್ಕೆ ಪೋಣಿಸಿಕೊಂಡಿದ್ದಳು, ಒಬ್ಬಳು ಕುಪ್ಪಸದ ತೋಳಿಗೆ ಹೊಲಿದುಕೊಂಡಿದ್ದಳು. ಎಲ್ಲರಿಗಿಂತ ಹಿರಿಯಳಾದ ಹುಸೇನಬಿ ಅದನ್ನು ಕನ್ನಡಕದ ದಾರಕ್ಕೆ ತೂಗುಬಿಟ್ಟಿದ್ದಳು.

ಶಾಲ್ಮಲಾ ಗುರುತಿನ ಚೀಟಿ ತೋರಿಸಿ, ಮನೆಯಲ್ಲಿ ಹತ್ತು ಸಲ ಅಭ್ಯಾಸ ಮಾಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದಳು. “ನಾ ನಿಗಾ ಕೇಂದ್ರದಿಂದ ಬಂದೀನ್ರಿ. ಸಂಜೀತನಕ ಇಲ್ಲೇ ಕುಂತು ಎಣಸ್ತೀನ್ರಿ.”

“ಎಣಿಸೀರಂತ ಬರ್ರಿ ಮೇಡಂ ಅವರ, ಮೊದಲ ಒಳಗ ಬರ್ರಿ,” ಎಂದು ಎದ್ದವಳೇ ಸಾವಂತ್ರೆವ್ವ. ಐವತ್ತರ ಆಚೀಚೆಯ ಗಟ್ಟಿ ಆಳು. ಸೀರೆಯ ನಿರಿಗೆಯ ಕೆಳಗೆ ಕಡಗ ಕಾಣುತ್ತಿತ್ತು. ಅದರ ಪುಟ್ಟ ದೀಪ ಆರಿತ್ತು, ನಿದ್ದೆಯಲ್ಲಿತ್ತು.

“ಲಗ್ನ ಆಗೇತೇನವಾ?” ಹುಸೇನಬಿ ಕನ್ನಡಕದ ಮೇಲಿಂದ ನೋಡಿದಳು.

“ಇಲ್ರಿ.”

“ಹಂಗಾರ ಕೈ ಖಾಲಿ ಐತಿ. ತಗೋ ಸೂಜಿ. ಕುಂತಾವ್ರ ಹೊಲೀಬೇಕು, ಅದು ಇಲ್ಲಿ ಕಾಯ್ದೆ.”

ತಪಾಸಣೆಗೆ ಬಂದವರು ಯಾವ ಕೆಲಸದಲ್ಲೂ ಕೈ ಹಾಕಬಾರದೆಂಬ ನಿಯಮವಿತ್ತು. ಅದನ್ನು ಹೇಳುವಷ್ಟು ಧೈರ್ಯ ಬರುವ ಮೊದಲೇ ಸೂಜಿ ಅವಳ ಬೆರಳಲ್ಲಿತ್ತು. ಹತ್ತು ಗಂಟೆಗೆ ಅವಳು ಮೊದಲ ಲೆಕ್ಕ ಬರೆದಳು: ಹನ್ನೊಂದು ಜನ, ಹನ್ನೊಂದು ಗುಂಡಿ. ಮೋಸವಿಲ್ಲ. ರಾತ್ರಿ ಸಾವಂತ್ರೆವ್ವನ ಪಕ್ಕ ಯಾರು ಮಲಗುತ್ತಾರೆಂದು ಕೇಳಿದರೆ, “ನಾನ. ನನ್ನ ಮನ್ಯಾಗ ನಾ ಒಬ್ಬಾಕಿನ, ಇಲ್ಲಿ ಗೊರಕಿ ಕೇಳಾಕರ ಒಬ್ಬಾಕಿ ಅದಾಳ,” ಎಂದಳು ಹುಸೇನಬಿ. ಹಾಗಾದರೆ ಸೊನ್ನೆಗೆ ಕಾರಣ ಸಿಕ್ಕಿತು. ಆದರೆ ಸೊನ್ನೆಯ ಕೆಳಗಿನ ನೂರಾ ಅರವತ್ತು ಇನ್ನೂ ಎಲ್ಲಿಂದಲೋ ಬರುತ್ತಿತ್ತು.

ಹನ್ನೊಂದರ ಸುಮಾರಿಗೆ ಎದುರು ಮನೆಯಿಂದ ಒಬ್ಬ ಹೆಂಗಸು ಓಣಿ ದಾಟಿ ಬಂದಳು. ತಲೆಗೂದಲು ಬಿಚ್ಚಿ ಬೆನ್ನ ಮೇಲೆ ಹರಡಿತ್ತು. ಎಡಗೈಯಲ್ಲಿ ಬಾಚಣಿಕೆ. ಯಾರನ್ನೂ ಮಾತಾಡಿಸದೆ ಸಾವಂತ್ರೆವ್ವನಿಗೆ ಬೆನ್ನು ಹಾಕಿ ಕೂತು, “ಹೂಂ,” ಎಂದಳು.

ಸಾವಂತ್ರೆವ್ವ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಬಾಚತೊಡಗಿದಳು. ಸಿಕ್ಕು ಬಿಡಿಸಿ, ಎಣ್ಣೆ ಸವರಿ, ಮೂರೆಳೆ ಮಾಡಿ ಜಡೆ ಹಾಕಿದಳು.

“ಬಿಗಿ ಆತು.”

“ನಿನ್ನೆ ಸಡಿಲ ಆತಂದಿ.”

“ನಿನ್ನೆ ಸಡಿಲ ಆಗಿತ್ತು. ಇವತ್ತ ಬಿಗಿ ಆಗೇತಿ. ಬಿಚ್ಚು.”

ಸಾವಂತ್ರೆವ್ವ ಬಿಚ್ಚಿ ಮತ್ತೆ ಹಾಕಿದಳು. ಆಮೇಲೆ ಇಬ್ಬರೂ ಪಕ್ಕಪಕ್ಕ ಕೌದಿಗೆ ಕೂತರು. ಶಾಲ್ಮಲಾ ತನ್ನ ವಕ್ರ ಹೊಲಿಗೆಯನ್ನು ಮರೆತು ಅವರನ್ನೇ ನೋಡಿದಳು. ಇಬ್ಬರಿಗೂ ಸೇರಿ ಒಂದೇ ಸೂಜಿ. ಬಂದವಳು ಎಡಗೈಯಿಂದ ಅದನ್ನು ಬಟ್ಟೆಗೆ ಚುಚ್ಚುತ್ತಿದ್ದಳು, ಸಾವಂತ್ರೆವ್ವ ಆಚೆ ಬದಿಯಿಂದ ಎಳೆದು ತಿರುಗಿಸಿ ಕೊಡುತ್ತಿದ್ದಳು. ಬಂದವಳ ಬಲಗೈ ಮಡಿಲಲ್ಲಿ ಸುಮ್ಮನೆ ಮಲಗಿತ್ತು. ಮಣಿಕಟ್ಟು ಒಂದು ಕಡೆಗೆ ವಾಲಿ ಕೂಡಿಕೊಂಡಿತ್ತು. ಆದರೆ ಆ ಹೊಲಿಗೆಯ ಸಾಲು ಇಡೀ ಕೌದಿಯಲ್ಲೇ ನೇರ. ಅಕ್ಕತಂಗಿಯರಿರಬೇಕು ಎಂದುಕೊಂಡಳು ಶಾಲ್ಮಲಾ. ಹನ್ನೆರಡನೆಯವರ ಹೆಸರು ಬರೆದುಕೊಳ್ಳಬೇಕಿತ್ತು.

“ನಿಮ್ಮ ಹೆಸರೇನ್ರಿ?”

“ಕಸ್ತೂರೆವ್ವ.”

ಪಡಸಾಲೆಯಲ್ಲಿ ಹನ್ನೆರಡು ಸೂಜಿಗಳೂ ಒಮ್ಮೆಲೇ ನಿಂತವು. ಶಾಲ್ಮಲಾಳದೂ ನಿಂತಿತು. ಕಡತದಲ್ಲಿ ಆ ಹೆಸರನ್ನು ಅವಳು ನೂರು ಸಲ ಓದಿದ್ದಳು. ಮೂರು ವರ್ಷದ ಹಿಂದೆ ಬೇಸಿಗೆಯ ಒಂದು ಮುಂಜಾನೆ ಓಣಿಯ ನಳದ ಹತ್ತಿರ ಸರದಿಯಲ್ಲಿಟ್ಟ ಕೊಡವೊಂದನ್ನು ಒಬ್ಬಳು ಹಿಂದೆ ಸರಿಸಿದ್ದಕ್ಕೆ ಇನ್ನೊಬ್ಬಳು ಅದೇ ಹಿತ್ತಾಳೆಯ ಕೊಡ ಎತ್ತಿ ಹೊಡೆದಿದ್ದಳು. ಹೊಡೆದವಳು ಸಾವಂತ್ರೆವ್ವ. ಎರಡು ಕಡೆ ಮುರಿದ ಮಣಿಕಟ್ಟು ಕಸ್ತೂರೆವ್ವನದು. ಒಂದು ವರ್ಷ ಜೈಲು ಮುಗಿಸಿ ಕಡಗ ಹಾಕಿಸಿಕೊಂಡು ಮನೆಗೆ ಬರುವಾಗ ನ್ಯಾಯಾಲಯ ಹಾಕಿದ ಮೊದಲ ಷರತ್ತೆಂದರೆ ಇವಳು ಅವಳ ಮೂವತ್ತು ಮೀಟರಿನೊಳಗೆ ಕಾಲಿಡಕೂಡದು. ಅದು ತಪ್ಪಿದರೆ ಉಳಿದ ಶಿಕ್ಷೆ ಜೈಲಿನಲ್ಲಿ.

“ನಿಮ್ಮ ಹತ್ರ ಎಚ್ಚರಿಕಿ ಬಿಲ್ಲೆ ಇರಬೇಕಲ್ರಿ,” ಎಂದಳು ಶಾಲ್ಮಲಾ, ತನ್ನ ದನಿಯೇ ತನಗೆ ಕೇಳದಷ್ಟು ಮೆಲ್ಲಗೆ. “ಈ ಕಡಗ ಹತ್ರ ಬಂದ್ರ ಕೂಗೂ ಅಂಥಾದ್ದು. ಎಲ್ಲೈತ್ರಿ?”

“ಮೇಯಾಕ ಹೋಗೇತಿ,” ಎಂದಳು ಹುಸೇನಬಿ.

“ಎಮ್ಮಿ ಕೊಳ್ಳಾಗ ಕಟ್ಟೀನಿ,” ಎಂದಳು ಕಸ್ತೂರೆವ್ವ, ಎಳ್ಳಷ್ಟೂ ಸಂಕೋಚವಿಲ್ಲದೆ. “ನೀನ ನೋಡವಾ, ಎದುರಾಬದುರಾ ಮನಿ. ಹನ್ನೊಂದ ಹೆಜ್ಜಿ. ಅಕಿ ಕಸ ಹೊಡದ್ರ ಅದು ಕಿರಚತೈತಿ, ನಾ ರಂಗೋಲಿ ಹಾಕಿದ್ರ ಕಿರಚತೈತಿ. ಓಣ್ಯಾಗಿನ ಕೂಸು ಒಂದೂ ಮಲಗವಲ್ದಾತು. ನಮ್ಮ ಎಮ್ಮಿ ಕೆರಿ ದಂಡಿ ದೊಡ್ಡ್ಯಾಗ ಇರತೈತಿ. ಅಲ್ಲಿ ಕಿರಚಾಕ ಯಾರೂ ಇಲ್ಲ, ಅದೂ ಸುಮ್ನ ಐತಿ, ಎಮ್ಮೀನೂ ಸುಮ್ನ ಐತಿ.”

ಹತ್ತು ತಿಂಗಳಿಂದ ಪರದೆಯ ಮೇಲೆ ಕೆರೆಯ ದಂಡೆಗುಂಟ ನಿಧಾನ ಓಡಾಡಿ, ಮಧ್ಯಾಹ್ನ ನೀರಿನಲ್ಲೇ ಎರಡು ತಾಸು ಕಳೆಯುತ್ತಿದ್ದ ಹಸಿರು ಚುಕ್ಕಿಯನ್ನು ಶಾಲ್ಮಲಾ ಕಂಡಿದ್ದಳು. ಪಾಪ, ನೊಂದ ಜೀವ, ಏಕಾಂತ ಬಯಸುತ್ತದೆ ಎಂದು ಅದರ ಮೇಲೆ ಅವಳಿಗೆ ಒಂದು ಬಗೆಯ ಅಕ್ಕರೆಯೂ ಇತ್ತು. ನಗು ಬಂತು. ತಡೆಯಲು ಹೋಗಿ ಸೂಜಿ ಚುಚ್ಚಿಕೊಂಡಳು. ಅವಳು ನಕ್ಕದ್ದು ಕಂಡು ಎಲ್ಲರೂ ನಕ್ಕರು. ಸಾವಂತ್ರೆವ್ವ ಒಬ್ಬಳು ನಗಲಿಲ್ಲ.

“ನಿಮಗ ಸರಕಾರ ಒಬ್ಬ ಸಹಾಯಕೀನ ಕೊಟ್ಟಿತ್ತಲ್ರಿ, ಕೈ ಕೆಲಸಕ್ಕ?”

“ಕೊಟ್ಟಿತ್ತು. ಛಲೋ ಹುಡುಗಿ. ಆದ್ರ ಜಡಿ ಹಾಕಿದ್ರ ಹಗ್ಗ ಹೊಸದಂಗ ಹಾಕ್ತಿತ್ತು, ರೊಟ್ಟಿ ಬಡದ್ರ ದೇಶದ ನಕಾಶಿ ಆಗ್ತಿತ್ತು. ಒಂದಿನ ನನಗ ತಡಕೊಳ್ಳಾಕ ಆಗಲಿಲ್ಲ. ಬಾಚಣಿಕಿ ತಗೊಂಡ ಓಣಿ ದಾಟಿ ಬಂದೆ. ಕೈ ಮುರದಾಕಿ ನೀನ, ಜಡೀನೂ ನೀನ ಹಾಕು ಅಂದೆ. ಹುಡುಗಿಗೆ ಇನ್ನ ಬರಬ್ಯಾಡ ಅಂದೆ.”

“ಅವತ್ತ ಇವರೇನಂದ್ರು?”

“ಏನಂತಾಳ? ಅತ್ಲು. ಅತಗೋತ ಹಾಕಿದ್ಲು, ಸೊಟ್ಟ ಆತು. ಬಿಚ್ಚಿ ಇನ್ನೊಮ್ಮೆ ಹಾಕ್ಸಿದೆ.”

“ಕಸ್ತೂರಿನ ಹೊಸ್ತಿಲ ದಾಟಿದ ಮ್ಯಾಲ ನಾವ್ಯಾಕ ಹೊರಗ ನಿಲ್ಲೂಣು ಅಂತ ಮರುದಿನದಿಂದ ಎಲ್ಲಾರೂ ಬಂದ್ವಿ,” ಎಂದಳು ಹುಸೇನಬಿ. “ಕೌದಿ ತುಂಡ ಜೋಡಿಸಾಕ ಈ ಓಣ್ಯಾಗ ಸಾವಂತ್ರೆವ್ವ ಒಬ್ಬಾಕಿಗೇ ಬರತೈತಿ.”

ನೊಂದವರ ಸಹಾಯಕಿಯ ಸಂಬಳವನ್ನು ಸರ್ಕಾರ ವರ್ಷದ ಮೊದಲೇ ಕಟ್ಟಿಬಿಡುತ್ತದೆ. ಸಹಾಯಕಿ ಹೋಗದ ದಿನದ ಹಣ ಆ ಪ್ರಕರಣಕ್ಕೆ ವಾಪಸು ಬರುತ್ತದೆ. ದಿನಕ್ಕೆ ನೂರಾ ಅರವತ್ತು. ಶಾಲ್ಮಲಾ ಪುಸ್ತಕ ತೆಗೆದಳು. ಹುಡುಕಿದ್ದು ಸಿಕ್ಕಿತ್ತು. ಸಿಕ್ಕಿದ್ದನ್ನು ಬರೆದರೆ ಸಾವಂತ್ರೆವ್ವ ಜೈಲಿಗೆ ಹೋಗುತ್ತಿದ್ದಳು.

ಅವಳ ಪೆನ್ನು ನಿಂತದ್ದನ್ನು ಸಾವಂತ್ರೆವ್ವ ನೋಡಿದಳು. “ಬರಿ ತಂಗಿ. ಸುಳ್ಳ ಬರದ್ರ ನಿನ್ನ ಕಾಲಿಗೂ ಒಂದ ಕಟ್ಟತಾರ. ನಿನ್ನ ಹೊಲಿಗಿ ನೋಡಿದ್ರ ಹದಿನಾಕ ತಿಂಗಳದಾಗ ಒಂದ ಕೌದೀನೂ ಮುಗಿಯಾಂಗಿಲ್ಲ.”

*

ಅಂದು ಸಂಜೆಯೇ ಹಂಚಿನಮನಿಯವರು ವರದಿಯನ್ನು ಎರಡು ಸಲ ಓದಿದರು. ಎಮ್ಮೆಯ ಭಾಗವನ್ನು ಮೂರು ಸಲ.

“ಇದಕ್ಕೊಂದ ದಾರಿ ಐತಿ. ನೊಂದಾಕಿ ಬಂದು, ನಾ ಮನಃಪೂರ್ವಕ ಕ್ಷಮಿಸೀನಿ ಅಂತ ಸಹಿ ಹಾಕಿದ್ರ ಮೂವತ್ತ ಮೀಟರ್ ಷರತ್ತು ಬಿದ್ದ ಹೋಗತೈತಿ. ಕೇಳ್ರಿ.”

ಶಾಲ್ಮಲಾ ಮರುದಿನ ಅರ್ಜಿಯ ನಮೂನೆ ಹಿಡಿದು ಮತ್ತೆ ಓಣಿಗೆ ಹೋದಳು. ಕಸ್ತೂರೆವ್ವ ಅದನ್ನು ಓದಿಸಿ ಕೇಳಿ, ಎಡಗೈಯಿಂದ ಆಚೆ ಸರಿಸಿದಳು.

“ಕ್ಷಮಿಸೀನಿ ಅಂತ ನಾ ಯಾಕ ಸಹಿ ಹಾಕ್ಲಿ? ನಾ ಕ್ಷಮಿಸಿಲ್ಲ.”

“ದಿನಾ ಅವರ ಹತ್ರ ಕುಂದರತೀರಲ್ರಿ.”

“ಕುಂದರತೀನಿ. ಅಕಿ ನನ್ನ ಕೈ. ಕೈ ಹತ್ರ ಕುಂದರದ ಎಲ್ಲಿ ಕುಂದರ್ಲಿ? ಅದಕ್ಕೂ ಕ್ಷಮಾಕ್ಕೂ ಏನ್ ಸಂಬಂಧ? ಮಳಿ ಬರೂ ಮುಂದ ಇನ್ನೂ ಈ ಮಣಿಕಟ್ಟ ನೋಯತೈತಿ. ನೋವು ಇರೂತನಕ ಕ್ಷಮಾ ಇಲ್ಲ.”

“ಅಕಿ ಹೇಳೂದ ಖರೆ ಐತಿ ತಂಗಿ,” ಎಂದಳು ಸಾವಂತ್ರೆವ್ವ, ರೊಟ್ಟಿಯ ಹಿಟ್ಟು ನಾದುತ್ತ. ರೊಟ್ಟಿ ಕಸ್ತೂರೆವ್ವನ ಮನೆಗೆ. “ಮನಸ್ಸಿನ್ಯಾಗ ಇಲ್ಲದ್ದು ಕಾಗದದಾಗ ಯಾಕ ಬರೀಬೇಕು? ನಾ ಹೋಗ್ತೀನಿ. ಅಕಿಗೆ ರೊಟ್ಟಿ ಯಾರ ಬಡೀತಾರ ಅನ್ನೂದೊಂದ ನನಗ ಚಿಂತಿ.”

ಅಂದು ಮಧ್ಯಾಹ್ನ ಕೇಂದ್ರದಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಶಾಲ್ಮಲಾ ನಿಯಮಗಳ ದಪ್ಪ ಪುಸ್ತಕವನ್ನು ತೆಗೆದು ಮೊದಲ ಪುಟದಿಂದ ಓದತೊಡಗಿದಳು. ಮಾತಿಗಿಂತ ಅಕ್ಷರ ಅವಳಿಗೆ ಯಾವಾಗಲೂ ಹತ್ತಿರ. ಸಂಜೆ ನಾಲ್ಕೂವರೆಗೆ, ಪುಟ ಇನ್ನೂರ ಹದಿನೇಳರಲ್ಲಿ, ಹದಿನಾಲ್ಕನೆಯ ನಮೂನೆ ಸಿಕ್ಕಿತು. ಅದರಲ್ಲಿ ಕ್ಷಮೆಯ ಸುದ್ದಿಯೇ ಇರಲಿಲ್ಲ. ಒಂದೇ ಒಂದು ಖಾಲಿ ಜಾಗವಿತ್ತು: ನೊಂದವರು ಬಯಸುವ ಕನಿಷ್ಠ ಅಂತರ.

“ಇದು ಎಲ್ಲಾರಿಗೂ ಗೊತ್ತಿರೂದ,” ಎಂದರು ಹಂಚಿನಮನಿ. “ಮೂವತ್ತ ಸಾಲೂದಿಲ್ಲ, ನೂರ ಮಾಡ್ರಿ, ಇನ್ನೂರ ಮಾಡ್ರಿ ಅಂತ ಬರದ ಕೊಡ್ತಾರ.”

“ಕಡಿಮಿ ಮಾಡ್ರಿ ಅಂತ ಯಾರೂ ಕೊಟ್ಟಿಲ್ಲೇನ್ರಿ ಸರ್?”

ಹಂಚಿನಮನಿಯವರ ಲೋಟ ತುಟಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. “ಇಲ್ಲ,” ಎಂದರು ಕೊನೆಗೆ. “ಆದ್ರ ಕೊಡಬಾರದು ಅಂತಾನೂ ಎಲ್ಲೂ ಬರದಿಲ್ಲ.”

*

ಇಂಥ ವರದಿಗಳನ್ನು ತೀರ್ಮಾನಿಸುವ ಪರಿಶೀಲನಾ ಸಮಿತಿ ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ ಸೇರಿತು. ನಡುವಿನ ಕುರ್ಚಿಯಲ್ಲಿ ಅಧ್ಯಕ್ಷೆ ಇನಾಮದಾರ್, ನಿವೃತ್ತ ನ್ಯಾಯಾಧೀಶೆ. ಅವರ ಬಲಕ್ಕೆ ಒಬ್ಬರು ಸರ್ಕಾರಿ ವಕೀಲರು. ಎದುರಿಗೆ ಒಂದು ಬೆಂಚಿನ ಈ ತುದಿಗೆ ಕಸ್ತೂರೆವ್ವ, ಆ ತುದಿಗೆ ಸಾವಂತ್ರೆವ್ವ, ನಡುವೆ ಇಬ್ಬರನ್ನೂ ದೂರವಿಡುವ ಕರ್ತವ್ಯಕ್ಕೆ ಕೂತ ಹುಸೇನಬಿ. ಗೋಡೆಯ ಬದಿಗೆ ಶಾಲ್ಮಲಾ, ಕೈಯಲ್ಲಿ ನಿಯಮಗಳ ಪುಸ್ತಕ. ಅವಳ ಕೆಲಸ ಕಾಗದ ಕೊಡುವುದು ಮಾತ್ರ. ಮಾತು ಹಂಚಿನಮನಿಯವರದು ಎಂದು ಮೊದಲೇ ಒಪ್ಪಂದವಾಗಿತ್ತು.

ಅಧ್ಯಕ್ಷೆ ಕಸ್ತೂರೆವ್ವ ತುಂಬಿಕೊಟ್ಟ ಹದಿನಾಲ್ಕನೆಯ ನಮೂನೆಯನ್ನು ಕಣ್ಣಿನ ಹತ್ತಿರ ಹಿಡಿದರು. “ಬಯಸುವ ಕನಿಷ್ಠ ಅಂತರ, ಒಂದು ಗೇಣು. ಇದೇನ್ರಿ?”

“ಅದಕ್ಕಿಂತ ದೂರ ಹೋದ್ರ ಸೂಜಿ ಎಟಕೂದಿಲ್ರಿ,” ಎಂದಳು ಕಸ್ತೂರೆವ್ವ.

“ನೀವು ಆಕೀನ ಕ್ಷಮಿಸೀರೇನು?”

“ಇಲ್ರಿ.”

“ನಿಮ್ಮ ಮ್ಯಾಲ ಯಾರದರ ಒತ್ತಾಯ ಐತೇನು?”

“ನನ್ನ ಮ್ಯಾಲ ಒತ್ತಾಯ ಮಾಡೂವಾಕಿ ಇನ್ನ ಹುಟ್ಟಬೇಕ್ರಿ. ಒತ್ತಾಯ ನಾ ಮಾಡಾಕತ್ತೀನಿ, ಅಕಿ ಮ್ಯಾಲ. ಜೈಲಿನ್ಯಾಗ ಕುಂತಾಗ ಅಕಿಗೆ ಸರಕಾರ ಅನ್ನ ಹಾಕ್ತು. ನನಗೇನ್ ಸಿಕ್ತು? ಈಗ ದಿನಾ ಜಡಿ ಹಾಕ್ತಾಳ, ರೊಟ್ಟಿ ಬಡೀತಾಳ, ಸೀರಿ ನಿರಿಗಿ ಹಿಡೀತಾಳ. ಶಿಕ್ಷಾ ಅಂದ್ರ ನನಗ ಇದು ತಿಳೀತೈತಿ. ಅದನ್ನ ಬಿಡಿಸಿ ಮತ್ತ ಒಳಗ ಹಾಕ್ತೀವಿ ಅಂದ್ರ ಶಿಕ್ಷಾ ಯಾರಿಗ ಆತ್ರಿ?”

ವಕೀಲರು ಕೆಮ್ಮಿದರು. ಮುಂದಿನ ದಿನಗಳಿಗೆ ಒಂದು ಗೇಣು ಎಂದು ಒಪ್ಪಬಹುದು, ಆದರೆ ಹಿಂದಿನ ಮೂವತ್ತೆಂಟು ದಿನಗಳೂ ಷರತ್ತು ಮುರಿದ ದಿನಗಳೇ, ಅವನ್ನು ಏನು ಮಾಡುವುದು ಎಂದು ಕೇಳಿದರು. ನಿಯಮದ ಪ್ರಕಾರ ಒಂದೇ ದಿನ ಮುರಿದರೂ ಸಾಕು.

ಹಂಚಿನಮನಿಯವರು ಮುಂದಿದ್ದ ಕಾಗದಗಳನ್ನು ತಿರುವಿಹಾಕಿದರು. ಅವರು ಆ ನಮೂನೆಯ ಅಡಿಟಿಪ್ಪಣಿ ಓದಿರಲಿಲ್ಲ. ಓದಿದವಳು ಗೋಡೆಯ ಬದಿಗಿದ್ದಳು. ಶಾಲ್ಮಲಾಳ ಅಂಗೈಯ ಬೆವರಿಗೆ ಪುಸ್ತಕದ ರಟ್ಟು ಒದ್ದೆಯಾಗಿತ್ತು. ಬೆಂಚಿನ ಆ ತುದಿಯಲ್ಲಿ ಸಾವಂತ್ರೆವ್ವ ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತ ಕೂತಿದ್ದಳು, ಅವು ಇನ್ನೊಬ್ಬರವೆಂಬಂತೆ.

“ಅದು ಮುರದಿಲ್ರಿ,” ಎಂಬ ಮಾತು ಕೋಣೆಯಲ್ಲಿ ಕೇಳಿಸಿತು. ಅದು ತನ್ನದೇ ದನಿ ಎಂದು ಶಾಲ್ಮಲಾಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಎಲ್ಲರೂ ತಿರುಗಿದರು. ತಿರುಗಿದ ಮೇಲೆ ನಿಲ್ಲಿಸುವ ಹಾಗಿರಲಿಲ್ಲ. “ಪುಟ ಇನ್ನೂರ ಹದಿನೇಳು. ಕೆಳಗ ಸಣ್ಣ ಅಕ್ಷರದಾಗ ಐತ್ರಿ. ಅಂತರವು ನೊಂದವರು ಅದನ್ನು ನಿರ್ಧರಿಸಿದ ದಿನದಿಂದ ಅನ್ವಯವಾಗತಕ್ಕದ್ದು. ಅರ್ಜಿ ಕೊಟ್ಟ ದಿನದಿಂದ ಅಂತ ಬರದಿಲ್ರಿ. ನಿರ್ಧರಿಸಿದ ದಿನದಿಂದ.”

ಅಧ್ಯಕ್ಷೆ ಅವಳ ಕೈಯ ಪುಸ್ತಕ ತೆಗೆದುಕೊಂಡು ಸಣ್ಣ ಅಕ್ಷರ ಓದಿದರು. ಆಮೇಲೆ ಕಸ್ತೂರೆವ್ವನತ್ತ ನೋಡಿದರು. “ನೀವು ಯಾವಾಗ ನಿರ್ಧರಿಸಿದ್ರಿ?”

“ಬಾಚಣಿಕಿ ತಗೊಂಡ ಓಣಿ ದಾಟಿದ ದಿನಾನ್ರಿ. ಕಾಲು ತಾನ ದಾಟೂದಿಲ್ಲ, ನಿರ್ಧಾರ ಮಾಡೇ ದಾಟತೈತಿ.”

ವಕೀಲರು ಸಣ್ಣ ಅಕ್ಷರದ ಮೇಲೊಮ್ಮೆ ಬೆರಳಾಡಿಸಿ ಕಡತ ಮುಚ್ಚಿದರು.

“ಎಮ್ಮಿ ವಿಷಯ?” ಎಂದರು ಅಧ್ಯಕ್ಷೆ.

“ಎಮ್ಮಿ ಬಗ್ಗೆ ಕಾಯ್ದೆದಾಗ ಏನೂ ಇಲ್ರಿ,” ಎಂದರು ಹಂಚಿನಮನಿ. ಇಷ್ಟನ್ನಾದರೂ ಅವರು ಖಚಿತ ಮಾಡಿಕೊಂಡು ಬಂದಿದ್ದರು.

“ಯಂತ್ರಕ್ಕ ಗೇಣು ತಿಳಿಯೂದಿಲ್ಲ. ಮೀಟರಿನ್ಯಾಗ ಬರೀಬೇಕು.” ಅಧ್ಯಕ್ಷೆ ಮೇಜಿನ ಮೇಲಿದ್ದ ಅಳತೆಪಟ್ಟಿಯನ್ನು ಮುಂದೆ ಸರಿಸಿದರು. “ನಿಮ್ಮ ಗೇಣು ಇಡ್ರಿ.”

ಕಸ್ತೂರೆವ್ವ ಎದ್ದು ಬಂದಳು. ಎಡಗೈ ಮುಂದೆ ಬಂತು, ಅರ್ಧದಲ್ಲಿ ನಿಂತು ಹಿಂದೆ ಹೋಯಿತು. ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟಳು. ಬೆರಳುಗಳನ್ನು ಅಗಲಿಸಲು ಹಲ್ಲು ಕಚ್ಚಿದಳು. ಹೆಬ್ಬೆರಳಿನಿಂದ ಕಿರುಬೆರಳಿಗೆ ಹೆಚ್ಚೆಂದರೆ ನಾಲ್ಕೂವರೆ ಅಂಗುಲ.

“ಇದರ ಗೇಣು ಬರಕೋರಿ,” ಎಂದಳು. “ಮುರದದ್ದರದು.”

ಸಾವಂತ್ರೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಧ್ಯಕ್ಷೆ ಪಟ್ಟಿಯ ಮೇಲೆ ಬಾಗಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು. ಶಾಲ್ಮಲಾ ಹನ್ನೊಂದು ಸೆಂಟಿಮೀಟರ್ ಎಂದು ಯಂತ್ರಕ್ಕೆ ಬರೆದಳು. ಖಚಿತವೇ ಎಂದು ಯಂತ್ರ ಕೇಳಿತು. ಅವಳು ಹೌದು ಒತ್ತಿದಳು.

*

ನಲವತ್ತನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ, ಹಳೇ ಗಿರಣಿ ಓಣಿಯ ಪಡಸಾಲೆಯಲ್ಲಿ, ಡಬ್ಬಿಯ ಮುಚ್ಚಳ ತೆಗೆದಂಥ ಸಣ್ಣ ಸದ್ದು ಮಾಡಿ ಕಡಗ ಬಿಚ್ಚಿಕೊಂಡಿತು. ಅದನ್ನು ವಾಪಸು ತರಲು ಹೋಗಿದ್ದ ಶಾಲ್ಮಲಾ ಬಗ್ಗಿ ಎತ್ತಿಕೊಂಡಳು. ಅಷ್ಟು ಹಗುರವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಸಾವಂತ್ರೆವ್ವನ ಕಾಲಿನ ಸುತ್ತ ಬಿಳಿಯ ಬಳೆಯೊಂದು ಉಳಿದಿತ್ತು. ಹುಸೇನಬಿ ಅದಕ್ಕೆ ಕೊಬ್ಬರಿ ಎಣ್ಣೆ ಸವರಿ, “ಇನ್ನ ಗೊರಕಿ ಯಾರ ಕೇಳ್ತಾರ ನನ್ನದು,” ಎಂದಳು.

“ನೀ ಎಲ್ಲಿಗ ಹೋಗ್ತಿ? ಇಲ್ಲೇ ಮಲಕೋ,” ಎಂದಳು ಸಾವಂತ್ರೆವ್ವ. ಒಂದು ಕಾಲೆತ್ತಿ ನೋಡಿದಳು, ಇನ್ನೊಂದು ಕಾಲೆತ್ತಿ ನೋಡಿದಳು. ಆಮೇಲೆ ಚೀಲಕ್ಕೆ ಒಂದು ಸೀರೆ, ನಾಲ್ಕು ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಾಕಿಕೊಂಡಳು.

ಹೊಸ್ತಿಲು ದಾಟಿ ಹತ್ತೊಂಬತ್ತು ಹೆಜ್ಜೆ ನಡೆದಳು. ಇಪ್ಪತ್ತನೆಯದಕ್ಕೆ ನಿಂತಳು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ಕಾಲು ಮುಂದಿಟ್ಟಳು. ಏನೂ ಕೂಗಲಿಲ್ಲ. ಮತ್ತೊಂದು ಇಟ್ಟಳು. ಆಮೇಲೆ ಅವಳ ನಡಿಗೆ ಎಷ್ಟು ಬಿರುಸಾಯಿತೆಂದರೆ ಕಡಗದ ಪೆಟ್ಟಿಗೆ ಹಿಡಿದ ಶಾಲ್ಮಲಾ ಹಿಂದೆ ಓಡಬೇಕಾಯಿತು.

ಬಸ್ಸು ನಿಲ್ದಾಣದಲ್ಲಿ ಆಗಲೇ ಒಂದು ಬಸ್ಸು ಹೊರಟು ನಿಂತಿತ್ತು. ಸಾವಂತ್ರೆವ್ವ ಅದರ ಹಲಗೆಯನ್ನೂ ನೋಡದೆ ಹತ್ತಿ ಕಿಟಕಿಯ ಪಕ್ಕ ಕೂತಳು. ಅವಳ ಹಿಂದೆಯೇ, ಏದುಸಿರು ಬಿಡುತ್ತ, ಬಾಚಣಿಕೆ ಹಿಡಿದ ಕಸ್ತೂರೆವ್ವ ಹತ್ತಿದಳು.

“ನೀ ಎಲ್ಲಿಗಬೇ?”

“ನನ್ನ ಕೈ ಎಲ್ಲಿಗ ಹೊಕ್ಕೈತೋ ಅಲ್ಲಿಗ. ಇವತ್ತಿನ ಜಡಿ ಇನ್ನ ಆಗಿಲ್ಲ. ಬಿಟ್ಟದ್ದು ಸರಕಾರ, ನಾ ಬಿಟ್ಟಿಲ್ಲ. ಸರಿ ಆ ಕಡೆ, ಕಿಟಕಿ ನನಗ ಬೇಕು.”

“ಮೊದಲ ಬಂದಾಕಿ ನಾನು. ಸರದಿ ಅಂದ್ರ ಸರದಿ.”

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಬ್ಬರೂ ಒಬ್ಬರನ್ನೊಬ್ಬರು ಒಂದು ಕ್ಷಣ ದುರುಗುಟ್ಟಿದರು. ಆಮೇಲೆ ಯಾರು ಮೊದಲು ನಕ್ಕರೋ ತಿಳಿಯಲಿಲ್ಲ, ಕಸ್ತೂರೆವ್ವ ನಗುತ್ತಲೇ ಸಾವಂತ್ರೆವ್ವನ ಮುಂದಿನಿಂದ ದಾಟಿ ಕಿಟಕಿಯ ಬದಿಗೆ ತುರುಕಿಕೊಂಡು ಕೂತು, ಬೆನ್ನು ತಿರುಗಿಸಿ ಕೂದಲು ಬಿಚ್ಚಿದಳು.

ಕಂಡಕ್ಟರ್ ಸೀಟಿ ಊದಿದ. ಶಾಲ್ಮಲಾ ಕಿಟಕಿಯ ಕೆಳಗೆ ಬಂದು ನಿಂತಳು. ಪರದೆಯ ಮುಂದೆ ಕೂತ ಮೂರು ವರ್ಷದ ರೂಢಿ. ಯಾವ ಚುಕ್ಕಿ ಅಲುಗಿದರೂ ಅವಳಿಗೆ ಅದು ಹೋಗುವ ಜಾಗ ಗೊತ್ತಾಗಬೇಕಿತ್ತು.

“ಎಲ್ಲಿಗ ಹೊಂಟೀರ್ರಿ?”

ಸಾವಂತ್ರೆವ್ವ ಬಾಚಣಿಕೆಯನ್ನು ಕಸ್ತೂರೆವ್ವನ ಕೂದಲಲ್ಲಿ ಸಿಕ್ಕಿಸಿ, ಅವಳ ಹೆಗಲ ಮೇಲಿಂದ ಕಿಟಕಿಯಾಚೆ ತಲೆ ಹಾಕಿದಳು. ಅಷ್ಟು ದೊಡ್ಡ ನಗೆಯನ್ನು ಶಾಲ್ಮಲಾ ಅವಳ ಮುಖದಲ್ಲಿ ಕಂಡಿರಲಿಲ್ಲ.

“ಅದನ್ನ ನಿನಗ ಯಾಕ ಹೇಳ್ಲಿ ತಂಗಿ?” ಎಂದಳು.

ಬಸ್ಸು ಹೊರಟಿತು.